ಅಬೂತಾಲೆಬರ ಕೆಂಪು ಮಸಿಯ ಪುಸ್ತಕ

ಅವತ್ತು ಗುರುವಾರ. ನನ್ನ ಗಂಡ ಅಬೂತಾಲೆಬ್ ರೊಟ್ಟಿ, ಚೀಸ್, ಅಕ್ರೋಟು ತಿಂದರು. ಚಹಾ ತಣ್ಣಗಿದೆ ಅಂತ ಗೊಣಗಿದರು. ನಾನು ಬಿಸಿಯಾಗೇ ಕೊಟ್ಟಿದ್ದೆ, ಅವರು ಕುಡಿಯುವುದು ಮರೆತಿದ್ದರು. ಬಿಸಿಲೇರಿತು ಅಂತ ಇಬ್ಬರೂ ನೆಲಮಾಳಿಗೆಗೆ ಇಳಿದು ಕೆಲಸಕ್ಕೆ ಕೂತೆವು.

ಅವರ ಕೈಯಲ್ಲಿ ನಮ್ಮ ಮನೆಯ ಹಳೇ ಕೈಬರಹದ ಪುಸ್ತಕ. ನನ್ನ ಮಡಿಲಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿಯ ಜೆರಾಕ್ಸು, ಟೆಹರಾನಿನಿಂದ ತರಿಸಿದ್ದು. ಅವರು ಗಟ್ಟಿಯಾಗಿ ಓದುವರು, ನಾನು ಸಾಲಿನ ಮೇಲೆ ಬೆರಳಾಡಿಸುವೆ. ಪದ ಬೇರೆಯಾದ ಕಡೆ ನಿಲ್ಲಿಸಬೇಕು. ಅಷ್ಟೇ ನನ್ನ ಕೆಲಸ.

"ನಿಲ್ಲಿ," ಅಂದೆ.

"ನಿನ್ನ ಕಡೆ ಏನಿದೆ?"

"ಕತ್ತೆ ಬಂತು ಅಂತಿದೆ."

"ಇಲ್ಲಿ ನ್ಯಾಯಾಧೀಶ ಬಂದ ಅಂತಿದೆಯಲ್ಲ!"

"ಎರಡೂ ಒಂದೇ ಇರಬೇಕು ಬಿಡಿ."

ಕೆಮ್ಮು ಬರುವವರೆಗೆ ನಕ್ಕರು. ಕೊನೆಯ ಅಧ್ಯಾಯ ಉಳಿದಿತ್ತು. "ಶನಿವಾರ ಶುರು ಮಾಡೋಣ ಖಾನುಮ್," ಅಂದರು. ಶುಕ್ರವಾರ ಬೆಳಿಗ್ಗೆ ಏಳಲಿಲ್ಲ. ಮಲಗಿದ್ದಲ್ಲೇ ಹೋಗಿದ್ದರು.

ಅವರು ಮೇಬೋದ್ ಅನ್ನುವ ಊರಿನ ಕುಂಬಾರರ ಮಗ. ಟೆಹರಾನಿನಲ್ಲಿ ಓದಿ ವಾಪಸು ಬಂದು ನಮ್ಮೂರು ಯಜ್ದಿನ ಗಂಡುಮಕ್ಕಳ ಶಾಲೆಯಲ್ಲಿ ಚರಿತ್ರೆ, ಭಾಷೆ ಪಾಠ ಮಾಡಿದರು. ಪೇಟೆಯಲ್ಲಿ ಯಾರಾದರೂ ಹಳೇ ಮಾತು ಆಡಿದರೆ ಅಲ್ಲೇ ನಿಂತುಬಿಡುವರು. ತರಕಾರಿಗೆ ಕಳಿಸಿದರೆ ಬದನೆಕಾಯಿ ಮರೆತು ಪದ ತರುವರು. ನಾನು ಶಾಲೆಗೆ ಹೋದವಳಲ್ಲ. ಬೀದಿಯ ಒಬ್ಬ ಅಜ್ಜಿ ಕುರಾನ್ ಓದಲು ಕಲಿಸಿದ್ದರಿಂದ ಅಕ್ಷರ ಬರುತ್ತಿತ್ತು. ಮದುವೆಯಾದ ವರ್ಷವೇ ನನ್ನನ್ನು ಎದುರು ಕೂರಿಸಿಕೊಂಡರು. "ಅರ್ಥ ನಾನು ನೋಡ್ಕೋತೀನಿ, ನೀನು ಬೆರಳು ನೋಡ್ಕೋ," ಅಂದರು.

ಆ ಪುಸ್ತಕ ಯಜ್ದಿನ ಹಳೇ ಚರಿತ್ರೆ. ಯಾರು ಯಾವ ನೆಲಗಾಲುವೆ ತೋಡಿಸಿದರು, ಯಾರ ಪಾಲಿನ ನೀರು ಯಾರು ಕದ್ದರು, ಅದರ ಮೇಲಿನ ಹೊಡೆದಾಟ. ಬೇರೆಯದು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಹೊಡೆದಾಟ ಚೆನ್ನಾಗಿ ತಿಳಿಯುತ್ತಿತ್ತು. ಅಂಚಿನಲ್ಲಿ ಯಾರೋ ಕೆಂಪು ಮಸಿಯಲ್ಲಿ ತಿದ್ದಿ ಬರೆದಿದ್ದರು. ಮಸಿ ಎಷ್ಟು ಮಾಸಿತ್ತೆಂದರೆ ಫೋಟೋದಲ್ಲಿ ಬರುತ್ತಿರಲಿಲ್ಲ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಎರಡೂ ಪ್ರತಿ ಹೋಲಿಸಿ, ಆ ಕೆಂಪು ಬರಹವನ್ನೂ ಸೇರಿಸಿ, ಒಂದು ಸರಿಯಾದ ಪುಸ್ತಕ ಅಚ್ಚು ಹಾಕಿಸಬೇಕು. ಅವರಿಗೆ ಇದ್ದ ಆಸೆ ಅದೊಂದೇ.

ಆ ಪುಸ್ತಕ ಒಮ್ಮೆ ಕೈಬಿಟ್ಟೇ ಹೋಗಿತ್ತು. ಹಿಂದಿನ ವರ್ಷ ಹಿಂದಿನ ಬೀದಿಯ ಬದ್ರಿ ಖಾನುಮ್ ಅವರ ಮೊಮ್ಮಗ ಸಿಯಾವಶ್ ನೋಡಲು ಬಂದ. ಹುಟ್ಟಿ ಬೆಳೆದದ್ದು ಜರ್ಮನಿಯಲ್ಲಿ. ಒಳ್ಳೇ ಹುಡುಗ. ಪುಸ್ತಕ ನೋಡಿ, "ಇಷ್ಟು ಚೆಂದದ್ದು ನಾನು ಎಲ್ಲೂ ನೋಡಿಲ್ಲ ಅಂಕಲ್," ಅಂದ.

ಇವರು, ನಮ್ಮಲ್ಲಿ ಎಲ್ಲರೂ ಉಪಚಾರಕ್ಕೆ ಅನ್ನುವ ಹಾಗೆ, "ನಿಮ್ಮದೇ, ತಗೊಂಡು ಹೋಗಿ," ಅಂದರು.

ಬಂದವರು 'ಅಯ್ಯೋ ಬೇಡ' ಅನ್ನಬೇಕು. ಅದು ತೊಟ್ಟಿಲ ಮಗುವಿಗೂ ಗೊತ್ತು. ಈ ಹುಡುಗನ ಕಣ್ಣಲ್ಲಿ ನೀರು ಬಂತು. ಪುಸ್ತಕಕ್ಕೆ ಮುತ್ತಿಟ್ಟ. ಇವರ ಕೈಗೂ ಮುತ್ತಿಟ್ಟ. ಇವರು ಮುಖ ಬಿಳಿಚಿಕೊಂಡು, ತಾವೇ ಬಟ್ಟೆ ಸುತ್ತಿ ಕೊಟ್ಟರು.

ಅವನು ಹೋದ ಮೇಲೆ ಊಟ ಮುಟ್ಟಲಿಲ್ಲ.

"ಹೋಗಿ ಕೇಳಿ," ಅಂದೆ.

"ಕೊಟ್ಟಿದ್ದನ್ನ ಕೇಳೋದಾ? ಹುಚ್ಚಾ ನಿನಗೆ?"

"ಕೊಟ್ಟಿದ್ದಲ್ಲ, ಬಾಯಿಮಾತಿಗೆ ಅಂದಿದ್ದು."

"ಅದು ನಮಗೆ ಗೊತ್ತು. ಆ ಹುಡುಗನಿಗೆ ಗೊತ್ತಿಲ್ಲ. ಅವನನ್ನ ಯಾಕೆ ನಾಚಿಸಲಿ?"

ಜೆರಾಕ್ಸು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುವರು. ಹೋಲಿಸಲು ಏನಿದೆ? ವಾರದ ಕೊನೆಗೆ ಹುಡುಗ ವಿಮಾನ ಹತ್ತುವವನಿದ್ದ. ನಾನು ಬಾದಾಮಿ ತುಂಬಿದ ಕೊತ್ತಾಬ್ ಕರಿದು, ಸಕ್ಕರೆಪುಡಿ ಹೊರಳಿಸಿ, ಡಬ್ಬಿ ಹಿಡಿದು ಬದ್ರಿ ಖಾನುಮ್ ಮನೆಗೆ ಹೋದೆ. ಪುಸ್ತಕ ಗೂಡಿನಲ್ಲಿತ್ತು. ಎರಡು ಲೋಟ ಚಹಾ ಆಗಲಿ ಅಂತ ಕಾದೆ. ಆಮೇಲೆ ಅಂದೆ:

"ಅಬ್ಬಾ ಬದ್ರಿ ಖಾನುಮ್, ಎಂಥ ಚೆಂದದ ಪುಸ್ತಕ ಇಟ್ಟಿದ್ದೀರಿ!"

"ನಿಮ್ಮದೇ ಕಣಮ್ಮ, ತಗೊಂಡು ಹೋಗಿ," ಅಂದರು, ಯೋಚನೆಯೇ ಇಲ್ಲದೆ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಅಂತ ಎದ್ದು, ಪುಸ್ತಕವನ್ನು ಮೈಮೇಲೆ ಹೊದ್ದಿದ್ದ ಚಾದರದೊಳಗೆ ಸೇರಿಸಿದೆ.

ಹುಡುಗ, "ಅಜ್ಜಿ, ಅದು ನನಗೆ ಕೊಟ್ಟಿದ್ದು!" ಅಂದ. ಮುದುಕಿಗೆ ಆಗ ಹೊಳೆಯಿತು. ಹೊಟ್ಟೆ ಹಿಡಿದು ನಕ್ಕರು. "ಸುಮ್ನಿರೋ, ನಿನಗೆ ಆಮೇಲೆ ಹೇಳ್ತೀನಿ. ಅಯ್ಯೋ ತೂಬಾ, ಹಗಲುಗಳ್ಳಿ ನೀನು!"

ಮನೆಯಲ್ಲಿ ಇವರು, "ಕದ್ದೆಯಾ?" ಅಂದರು.

"ಕೊಟ್ಟರು."

"ಹೇಗೆ ಕೊಟ್ಟರು?"

"ನೀವು ಕೊಟ್ಟ ಹಾಗೇ."

ಹುಡುಗನಿಗೆ ನೋವಾಗಿರುತ್ತದೆ ಅಂತ ತಾವೇ ಹೋಗಿ, ಇಡೀ ಪುಸ್ತಕದ ಫೋಟೋ ತೆಗೆಸಿ ಕಳಿಸುತ್ತೇನೆ ಅಂತ ಹೇಳಿ ಬಂದರು. ಕಳಿಸಿದರು ಕೂಡ. ಆಮೇಲೆ ದಿಂಬು ಸರಿಸಿ, "ಬಾ, ಕೂತ್ಕೋ," ಅಂದರು. ಆವತ್ತಿನಿಂದ ಒಂದು ದಿನವೂ ಬಿಡದೆ ಓದಿದೆವು. ಆದರೂ ಮುಗಿಯಲಿಲ್ಲ.

ಅವರು ಸತ್ತ ಏಳನೇ ದಿನ ಹಲ್ವಾ ತಿನ್ನಲು ಬಂದವರಲ್ಲಿ ಮಹರೂಖ್ ಇದ್ದಳು. ಇವರು ಮನೆಯಲ್ಲಿ ಪಾಠ ಹೇಳಿದ ಹುಡುಗಿ, ಈಗ ಟೆಹರಾನಿನಲ್ಲಿ ದೊಡ್ಡ ಕೆಲಸ. "ಉಳಿದಿದ್ದನ್ನ ನಾನು ಮುಗಿಸ್ತೀನಿ, ಪುಸ್ತಕ ಕೊಡಿ ಖಾನುಮ್," ಅಂದಳು.

"ಕೊಡಲ್ಲ," ಅಂದೆ.

ಕೂತವರು ಮುಖ ಮುಖ ನೋಡಿಕೊಂಡರು. ಸಾವಿನ ಮನೆಯಲ್ಲಿ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದುಂಟೇ?

"ಇಲ್ಲಿಗೆ ಬಾ," ಅಂದೆ. "ನೀನು ಓದು. ಬೆರಳು ನಾನಿಡ್ತೀನಿ."

ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಹೊರಟು ಬರುತ್ತಾಳೆ. ಅವಳು ಓದುವುದು ಇವರಿಗಿಂತ ಬೇಗ. ನಿಧಾನವಾಗಿ ಓದು ಅಂತ ಬೈಯುತ್ತೇನೆ. ಕೆಂಪು ಬರಹ ಬಂದಾಗ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾಳೆ. ಕೊನೆಯ ಅಧ್ಯಾಯದ ಅರ್ಧಕ್ಕೆ ಬಂದಿದ್ದೇವೆ.

ಅದು ಮುಗಿಯುವವರೆಗೆ ಪುಸ್ತಕ ಇರಬೇಕಲ್ಲ. ನಮ್ಮದು ಮಣ್ಣಿನ ಗೋಡೆ, ಗೆದ್ದಲು ಬಿಡುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಪೊರಕೆ ಹಿಡಿದು ನೆಲಮಾಳಿಗೆಗೆ ಇಳಿಯುತ್ತೇನೆ. ಕಂಬಳಿ ಮಡಚಿ, ಪುಸ್ತಕವಿರುವ ಅವರ ಕಪಾಟನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದೆ ಎದ್ದಿರುವ ಮಣ್ಣಿನ ಗೆರೆಗಳನ್ನೆಲ್ಲ ಕೆರೆದು ಗುಡಿಸುತ್ತೇನೆ.