ಸಮ ಮಾಡಿಕೊಟ್ಟ ಆಂಟೆನಾ

ಗೆಳೆಯರೇ, ನನ್ನ ಸಂಶೋಧನೆಯ ಆಂಟೆನಾ ತರಲು ಇವತ್ತು ಆಂಡರ್ಸನ್‌ಪೇಟೆಯ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಸಾವಿರಾರು ವಿನ್ಯಾಸಗಳನ್ನು ಒಂದಕ್ಕೊಂದು ಬೆರೆಸಿ, ಒಳ್ಳೆಯವನ್ನಷ್ಟೇ ಉಳಿಸಿ, ತಲೆಮಾರುಗಟ್ಟಲೆ ಬೆಳೆಸಿ ಆರಿಸಿದ ನಕ್ಷೆ ಅದರದು. ಸಾಲಾಗಿ ನಿಂತ ಕಡ್ಡಿಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ. ಸಿಗ್ನಲ್ ಬೇಕಾದ ದಿಕ್ಕಿಗೇ ಹೋಗುವುದು ಅದರಿಂದಲೇ.

ನೋಡಿದರೆ ಎಲ್ಲ ಅಂತರವೂ ಸಮವಾಗಿದೆ.

"ಅಣ್ಣಾ, ಡ್ರಾಯಿಂಗ್‌ನಲ್ಲಿ ಹೀಗಿಲ್ವಲ್ಲ?" ಅಂದೆ.

"ಡ್ರಾಯಿಂಗೇ ತಪ್ಪಿತ್ತು ಕಣಮ್ಮ. ಒಂದು ಅತ್ರ, ಒಂದು ದೂರ. ನಾನೇ ಸರಿ ಮಾಡ್ದೆ," ಎಂದರು ಅಂಗಡಿಯಣ್ಣ, ಹೆಮ್ಮೆಯಿಂದ.

ನಾಳೆ ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿನ ಲ್ಯಾಬಿಗೆ ಅದನ್ನು ಒಯ್ಯಬೇಕು. ಗೋಗರೆದೆ. ಪಾಪ, ಊಟವನ್ನೂ ಬಿಟ್ಟು, ಎಲ್ಲ ಬಿಚ್ಚಿ, ಅಳೆದು ಅಳೆದು ಮತ್ತೆ ನಕ್ಷೆಯಂತೆಯೇ ಬೆಸೆದರು. ಕೊಡುವಾಗ ದನಿ ತಗ್ಗಿಸಿದರು: "ಇಂಗೆ ಅಡ್ಡಾದಿಡ್ಡಿಯಾಗಿ ಎಲ್ಲಿ ಮಾಡ್ಸಿದ್ದು ಅಂತ ಯಾರಾನಾ ಕೇಳಿದ್ರೆ ನಮ್ ಅಂಗ್ಡಿ ಎಸ್ರು ಏಳ್ಬೇಡಮ್ಮ."

ಅದಕ್ಕೇ ಇಲ್ಲೂ ಹೆಸರು ಹಾಕಿಲ್ಲ.