ಕಟಿಂಗ್ ಶಾಪಿನ ಶಿಫಾರಸು

ಭದ್ರಾವತಿಯಲ್ಲಿ ಮಸಾಜ್ ಕೆಲಸ ಶುರು ಮಾಡಿದ ಹೊಸದರಲ್ಲಿ, ಶಿವಮೊಗ್ಗದ ಡಾಕ್ಟರುಗಳಿಗೆಲ್ಲ ಕಾರ್ಡು ಕೊಟ್ಟು ಬಂದಿದ್ದೆ. ಒಬ್ಬ ಮಹಾನುಭಾವನೂ ಯಾರನ್ನೂ ಕಳಿಸಲಿಲ್ಲ. ಬರುತ್ತಿದ್ದವರೆಲ್ಲ ಕುತ್ತಿಗೆ ಉಳುಕಿದವರೇ. ಯಾರು ಕಳಿಸಿದ್ದು ಅಂತ ಕೇಳಿದರೆ, "ಪಕ್ಕದ ರಸ್ತೆ ಕಟಿಂಗ್ ಶಾಪಿಂದ ಸೀದಾ ಬಂದೆ" ಅನ್ನೋರು.

ಡಾಕ್ಟರುಗಳಿಗಿಲ್ಲದ ದೊಡ್ಡ ಮನಸ್ಸು ಇವರಿಗಿದೆಯಲ್ಲ ಅಂತ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಆ ಅಂಗಡಿಗೆ ಹೋದೆ.

"ನಾನ್ಯಾರನ್ನೂ ಕಳ್ಸಿಲ್ವಲ್ಲ ಮಾರಾಯ್ರೇ!" ಅಂದರು ಅಂಗಡಿಯವರು. "ಆದ್ರೂ ಹಣ್ಣು ತಂದಿದೀರಿ. ಕೂತ್ಕೊಳ್ಳಿ, ತಲೆಗೆ ಎಣ್ಣೆ ಹಾಕಿ ತಟ್ತೀನಿ."

ಕೂತೆ. ತಟ್ಟಿದ್ದು ಹಿತವಾಗಿಯೇ ಇತ್ತು. ಕೊನೆಗೆ ಗದ್ದ ಹಿಡಿದು, ಕುತ್ತಿಗೆಯನ್ನು ಲಟಕ್ಕಂತ ತಿರುಗಿಸಿಬಿಟ್ಟರು.

ಶಿಫಾರಸು ನಡೆಯುತ್ತಿದ್ದ ರೀತಿ ಆಗ ನನ್ನ ಕುತ್ತಿಗೆಗೇ ಗೊತ್ತಾಯಿತು. ಉಳಿದವರಿಗೆ ನಾನಿದ್ದೆ. ನಾನು ಮಾತ್ರ ಒಂದು ವಾರ ಎಡಗಡೆಯೇ ನೋಡಿಕೊಂಡು, ಅವರು ಕಳಿಸಿದವರ ಕುತ್ತಿಗೆ ನೀವಿದೆ.