ಗಿರಾಕಿಗೆ ಹೇಳಕೂಡದು

ಬ್ಯಾಂಕಿನಲ್ಲಿ ಎಲ್ಲರೂ ಅವನನ್ನು ಅನುಮಾನರಾಯ ಎನ್ನುತ್ತಿದ್ದರು. ಮೂರನೇ ಮಹಡಿಯಲ್ಲಿ, ಕಿಟಕಿ ತೆರೆಯಲು ಬಾರದ ಕೋಣೆಯಲ್ಲಿ ಕೂತು, ಯಾರ ದುಡ್ಡು ಎಲ್ಲಿಂದ ಬಂತು, ಅದರಲ್ಲಿ ಕಳ್ಳಹಣವೆಷ್ಟು, ಬಾಂಬಿಗೆ ಹೋಗುವುದೆಷ್ಟು ಎಂದು ಸಂಶಯಪಡುವುದೇ ಅವನ ಉದ್ಯೋಗ. ಸಂಶಯಕ್ಕೆ ಸಂಬಳ ಪಡೆಯುವವರು ಲೋಕದಲ್ಲಿ ಕಡಿಮೆ. ಉಳಿದವರೆಲ್ಲ ಪುಕ್ಕಟೆ ಮಾಡುತ್ತಾರೆ.

ಹೋದ ವರ್ಷ ಮೇಲಿನವರು, ಈ ವಿಷಯದಲ್ಲಿ ಯಾವ ದೇಶ ಹೇಗೆ ನಡೆದುಕೊಳ್ಳುತ್ತದೆಂದು ಹೋಲಿಸಿ ವರದಿ ಕೊಡಿ ಎಂದರು. ಕೊಟ್ಟ. ಒಂದು ದೇಶದಲ್ಲಿ ಗಿರಾಕಿಯನ್ನು ಎದುರಿಗೆ ಕೂರಿಸಿ "ಇದು ಯಾತಕ್ಕೆ?" ಎಂದು ಕೇಳಿಬಿಡುತ್ತಾರೆ; ಉತ್ತರ ಸರಿಯಿದ್ದರೆ ಕಥೆ ಮುಗಿಯಿತು. ಇನ್ನೊಂದರಲ್ಲಿ ಏನೂ ಕೇಳದೆ ಎಲ್ಲವನ್ನೂ ಸರ್ಕಾರಕ್ಕೆ ಕಳಿಸುತ್ತಾರೆ. ಸರ್ಕಾರ ಆ ರಾಶಿಯ ಕೆಳಗೆ ಸಿಕ್ಕಿಕೊಂಡು ಒಂದನ್ನೂ ಓದುವುದಿಲ್ಲ. ಮತ್ತೊಂದರಲ್ಲಿ ಹಣ ತಡೆದಿಡುತ್ತಾರೆ, ತನಿಖೆ ಮುಗಿಯುವವರೆಗೆ ಗಿರಾಕಿಯ ಮುಂದೆ ತುಟಿ ಬಿಚ್ಚುವಂತಿಲ್ಲ. ಕಳ್ಳನಿಗೆ ಸುಳಿವು ಸಿಗಬಾರದಲ್ಲ! ಇದೇ ಶ್ರೇಷ್ಠ ಎಂದು ಬರೆದ. ಮೇಲಿನವರು ಮೆಚ್ಚಿ ಹಾಗೇ ಜಾರಿಗೆ ತಂದರು.

ಅವನ ವಾಸ ಅಕ್ಕ-ಭಾವನ ಮನೆಯಲ್ಲಿ. ತಾಯಿ ಹೋದಮೇಲೆ ಬಟ್ಟೆ ಹೊಲಿದು ಅವನನ್ನು ಓದಿಸಿದವಳು ಅಕ್ಕ. "ದೊಡ್ಡ ಮೊತ್ತ ಅಂದ್ರೆ ಸಾಕು, ನನ್ನ ಟೇಬಲ್ಲಿಗೇ ಬರುತ್ತೆ ಅಕ್ಕಾ" ಎಂದು ಊಟಕ್ಕೆ ಕೂತಾಗ ಅವಳೆದುರು ಕೊಚ್ಚಿಕೊಂಡಿದ್ದ.

ಅಕ್ಕನ ಮಗಳು ಪರದೇಶದಲ್ಲಿ ಒಂದು ಇಸ್ತ್ರಿ ಅಂಗಡಿ ವಹಿಸಿಕೊಳ್ಳುವವಳಿದ್ದಳು. ಶುಕ್ರವಾರದೊಳಗೆ ಮುಂಗಡ ಮುಟ್ಟದಿದ್ದರೆ ಅಂಗಡಿ ಬೇರೆಯವರ ಪಾಲು. ದೊಡ್ಡ ಮೊತ್ತ ಕಳಿಸಿ ತಮ್ಮನಿಗೇಕೆ ಕೆಲಸ ಹೆಚ್ಚಿಸಬೇಕೆಂದು ಅಕ್ಕ ಅದನ್ನು ಚೂರು ಚೂರು ಮಾಡಿ ಅವನ ಬ್ಯಾಂಕಿನಿಂದಲೇ ದಿನಾ ಒಂದಿಷ್ಟು ಕಳಿಸಿದಳು. ದೊಡ್ಡ ಮೊತ್ತ ಬ್ಯಾಂಕಿನ ಕಣ್ಣಿಗೆ ಬೀಳದಿರಲೆಂದು ಕಳ್ಳರು ಮಾಡುವುದೂ ಥೇಟ್ ಹಾಗೆಯೇ. ಕಂಪ್ಯೂಟರ್ ಹಣವನ್ನು ತಡೆದಿಟ್ಟು, ಅವಳ ಹೆಸರನ್ನು ಕೆಂಪಕ್ಷರದಲ್ಲಿ ಅನುಮಾನರಾಯನ ಮುಂದೆ ತಂದು ನಿಲ್ಲಿಸಿತು.

"ನಮ್ಮಕ್ಕ ಸರ್" ಎಂದ ಮ್ಯಾನೇಜರಿಗೆ. "ಒಂದು ಮಾತು ಕೇಳಿದ್ರೆ ಮುಗೀತು."

"ಕೇಳಬಾರದು ಅಂತ ಬರೆದೋರು ಯಾರ್ರೀ?" ಎಂದು ಮ್ಯಾನೇಜರು ಆ ಕೇಸನ್ನು ಬೇರೊಬ್ಬರಿಗೆ ಕೊಟ್ಟರು. "ಮನೇಲೂ ಬಾಯಿ ಬಿಡಬೇಡಿ. ಬಿಟ್ರೆ ಕೆಲಸ ಹೋಗುತ್ತೆ."

ಬಿಡಲಿಲ್ಲ. ಸಂಜೆಯಾದರೆ ಅಕ್ಕ, "ದುಡ್ಡು ಇನ್ನೂ ಮುಟ್ಟಿಲ್ವಂತೆ ಕಣೋ" ಎನ್ನುವಳು. ಅವನು "ವಿಚಾರಿಸ್ತೀನಿ" ಎಂದು ತಟ್ಟೆ ನೋಡುವನು. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ಹೇಳಲಿಲ್ಲ. ಶುಕ್ರವಾರ ಕಳೆಯಿತು, ಅಂಗಡಿ ಕೈತಪ್ಪಿತು. ಅದಾದ ಮೇಲೆ ತನಿಖೆ ಮುಗಿದು, ಹಣ ಶುದ್ಧ ಎಂದು ತೀರ್ಮಾನವಾಯಿತು.

ಅಂದು ಮನೆಗೆ ಬಂದರೆ ಭಾವ ಕೂಗಾಡುತ್ತಿದ್ದರು. "ದುಡ್ಡು ತಡೆದಿಟ್ಟಿದ್ದು ಬ್ಯಾಂಕಂತೆ. ಅದೇ ಬ್ಯಾಂಕಲ್ಲಿ ಕೂತಿದ್ದಾನೆ. ಇವನಿಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬ್ತೀಯಾ ನೀನು?"

"ನಾನು ಸಾಕಿದ ಹುಡುಗ" ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ. "ಗೊತ್ತಿದ್ದಿದ್ರೆ ನಂಗೆ ಹೇಳ್ದೇ ಇರ್ತಿದ್ನಾ?"

ಬಾಗಿಲಲ್ಲಿ ನಿಂತವನನ್ನು ಆಮೇಲೆ ನೋಡಿ, "ಯಾಕೋ ಅಲ್ಲೇ ನಿಂತೆ? ಕೈ ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ" ಎಂದಳು.